ಬೋಳಾದ ದೇವಕಣಗಿಲೆ

ಚಿಕ್ಕಹನುಮ,

ಅಮ್ಮನ ಸೀರೆಪೆಟ್ಟಿಗೆ ತೆರೆದರೆ ಬರುತ್ತಿದ್ದ ದೇವಕಣಗಿಲೆ ಹೂವಿನ ವಾಸನೆ ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ನಮ್ಮ ಹಿತ್ತಲಿನ ಮರ ತಾವರೆಕೆರೆಯಲ್ಲಿ ಅಮ್ಮ ಬೆಳೆಸಿದ್ದ ಮರದಿಂದ ಮುರಿದು ತಂದು ನೆಟ್ಟ ಕೊಂಬೆ. ಆ ಮರ ಈಗಿಲ್ಲ, ಉಳಿದಿರುವುದು ಇದೊಂದೇ.

“ಸತ್ತೋಗೈತೆ ಕಣಕ್ಕ, ಸೌದೆಗಾದ್ರೂ ಆಗ್ಲಿ ಬುಡು” ಎಂದೆ ನೀನು. ನಾನು ಬಾಯಿ ತೆರೆಯುವ ಮೊದಲೇ ಕೊಡಲಿ ತರಲು ಮರ ಕಡಿಯುವ ಕದರಪ್ಪನಿಗೆ ಹೇಳಿಕಳಿಸಿದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗುವುದು ಆ ಮರದ ಪದ್ಧತಿ. ಪಿಂಚಣಿಗೆ ಬಂದ ವರ್ಷ ನೀನೂ ಬೋಳಾದೆ. ನಿನ್ನನ್ನು ಕಡಿಸಲು ನಾನು ಯಾರನ್ನೂ ಕರೆಸಲಿಲ್ಲ. ಮರಕ್ಕಾದರೂ ಯುಗಾದಿಗೆ ಮತ್ತೆ ಚಿಗುರು ಬರುತ್ತದೆ.

ನಂಬಿಕೆಯಿಲ್ಲದಿದ್ದರೆ ತೊಗಟೆಯನ್ನು ಉಗುರಿನಿಂದ ಗೀರು, ಹಾಲು ಬರುತ್ತದೆ. ಆಮೇಲೆ ಕೈ ತೊಳೆದುಕೋ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ನನ್ನನ್ನು ಬೈಯಬೇಡ.

ನೀರು ಹಾಕುವುದನ್ನೂ ನಿಲ್ಲಿಸು. ಈಗ ಕೊಡಗಟ್ಟಲೆ ಸುರಿದರೆ ಬೇರು ಕೊಳೆತು ನಿನ್ನ ಮಾತೇ ನಿಜವಾದೀತು.

ನಾನು, ಪೆಟ್ರೋಲ್ ಸಿಗದ ಈ ದಿನಗಳಲ್ಲಿ ಇದ್ದಿಲಿನಿಂದ ಓಡುವ ಆ ಬಸ್ಸಿನಲ್ಲಿ ಮಧುಗಿರಿಗೆ ಹೋಗುತ್ತಿದ್ದೇನೆ. ದಾರಿಯಲ್ಲಿ ಅದು ಕೆಟ್ಟು ನಿಲ್ಲದಿದ್ದರೆ ಸಂಜೆಗೆ ಬರುತ್ತೇನೆ.

ಕದರಪ್ಪ ಹುಲಿಕುಂಟೆಯಿಂದ ನಡೆದು ಬರುತ್ತಾನೆ, ಮರ ಕಡಿಯುವ ಕೆಲಸವಿಲ್ಲವೆಂದು ಹಸಿದುಕೊಂಡು ಹಿಂದಿರುಗುವುದು ಬೇಡ. ಅವನಿಗೆಂದು ಮುದ್ದೆ, ಅವರೆಕಾಳಿನ ಸಾರು ಒಲೆಯ ಪಕ್ಕ ಮುಚ್ಚಿಟ್ಟಿದ್ದೇನೆ. ಜ್ವರದಲ್ಲಿ ನಾನು ಮಲಗಿದ್ದಾಗ ಮಾತಿಲ್ಲದೆ ಗಂಜಿಯ ಬಟ್ಟಲು ಕೈಗಿಡುತ್ತಿದ್ದೆಯಲ್ಲ, ಹಾಗೆಯೇ, ಅವನು ಕೊಡಲಿಯನ್ನು ಹೆಗಲಿನಿಂದ ಇಳಿಸುತ್ತಲೇ ತಟ್ಟೆಯನ್ನು ಅವನ ಕೈಗೆ ಕೊಡು.

ಅಕ್ಕ