ಎರ್ರೆಮ್ಮನ ಮನೆಯ ಕೀಲಿಕೈ ನನ್ನಲ್ಲಿತ್ತು

ಶ್ರೀ ಗುರುಬಸವಲಿಂಗಾಯ ನಮಃ

ಸ್ವಭಾನು ಸಂವತ್ಸರ, ಕಾರ್ತಿಕ ಬಹುಳ ಅಷ್ಟಮಿ, ಸೋಮವಾರ (೧೭-೧೧-೨೦೦೩)
ಕಾನಹೊಸಹಳ್ಳಿ ಹೋಬಳಿ

ನಮ್ಮ ಭಾಗದ ಪೊಲೀಸ್ ಅಧಿಕಾರಿಗಳೇ, ಮಾನ್ಯರೇ,

ಮೂರು ವರ್ಷದ ಮಗನನ್ನು ಹೊಗೆಯಲ್ಲಿ ಕಳೆದುಕೊಂಡ ವಿಧವೆ ಎರ್ರೆಮ್ಮನ ಮೇಲೆ, ಮಕ್ಕಳನ್ನು ತ್ಯಜಿಸಿದಳೆಂದು ಮೊಕದ್ದಮೆ ಹೂಡಿದ್ದೀರಿ. ಉಳಿದೊಬ್ಬ ಮಗಳನ್ನೂ ಬಾಲಮಂದಿರಕ್ಕೆ ಸಾಗಿಸಿದ್ದೀರಿ. ನಿಮ್ಮ ಕರ್ತವ್ಯದಕ್ಷತೆಗೆ ಶರಣು.

ಶೇಂಗಾ ಕೀಳುವ ಕಾಲದಲ್ಲಿ ನಮ್ಮ ಓಣಿಯ ತಾಯಂದಿರು ಮಕ್ಕಳನ್ನು ಒಳಗಿರಿಸಿ, ಹೊರಗಿನಿಂದ ಬೀಗ ಹಾಕಿ, ಕೀಲಿಕೈಯನ್ನು ಸದಾ ಮನೆಯಲ್ಲಿರುವ ನನಗೆ ಒಪ್ಪಿಸಿ ಹೊಲಕ್ಕೆ ಹೋಗುವುದು ರೂಢಿ. ಮಕ್ಕಳ ಊಟದ ಬೇಳೆ ಬಂದ ದಿನ ಮಾತ್ರ ತೆರೆಯುವ ಅಂಗನವಾಡಿಯನ್ನು ನಂಬಿ ಯಾರು ತಾನೇ ಕೂಲಿಗೆ ಹೋದಾರು?

ಕಳೆದ ಸೋಮವಾರ ಬೆಳಿಗ್ಗೆ ಆಕೆ ಬಂದು, “ಅಜ್ಜಾರ, ಕೀಲಿ ಹಿಡೀರಿ. ಮಧ್ಯಾಹ್ನ ತೆಗೆದು ಒಂದೀಟು ನೋಡ್ರಿ. ಒಲಿ ತಂಟಿಗೆ ಹೋಗಬ್ಯಾಡ ಅಂತ ಭಾಗ್ಯಾಗ ಬೈರಿ. ನನಗ ಅಂಜಂಗಿಲ್ಲ ಆಕಿ, ನಿಮ್ಮ ಗಡ್ಡಕ್ಕ ಅಂಜತಾಳ” ಎಂದು ನಕ್ಕು ಹೋದಳು. ಭಾಗ್ಯ ಏಳು ವರ್ಷದವಳು. ತಮ್ಮ ಪಾಲಾಕ್ಷನನ್ನು ನೋಡಿಕೊಳ್ಳಲು ಶಾಲೆ ಬಿಟ್ಟವಳು.

ನಾನಾದರೋ ಕಾರ್ತಿಕ ಸೋಮವಾರದ ದೇವರ ದರ್ಶನದ ಆತುರದಲ್ಲಿ, ಧೋತರದ ಅಂಚಿಗೆ ಕಟ್ಟಿಕೊಂಡ ಕೀಲಿಕೈಯನ್ನು ಮರೆತು ಕೊಟ್ಟೂರಿನ ಬಸ್ಸು ಹತ್ತಿದೆ. ಹಸಿದ ತಮ್ಮನಿಗೆ ಅಂಬಲಿ ಬಿಸಿ ಮಾಡಲು ಭಾಗ್ಯ ಒಲೆ ಹೊತ್ತಿಸಿದಳು. ಪಕ್ಕದ ಹತ್ತಿಕಟ್ಟಿಗೆಗೆ ಬೆಂಕಿ ತಗುಲಿತು. ಜನ ಓಡಿ ನನ್ನ ಬಾಗಿಲಿಗೆ ಬಂದರೆ ನಾನಿಲ್ಲ. ನೆರೆಯ ಚೌಡಣ್ಣ ಕೊಡಲಿಯಿಂದ ಬೀಗ ಒಡೆಯುವಷ್ಟರಲ್ಲಿ ಪಾಲಾಕ್ಷನ ಉಸಿರು ನಿಂತಿತ್ತು. ಭಾಗ್ಯಳ ಅಂಗೈಗಳೆರಡೂ ಸುಟ್ಟಿದ್ದವು.

ಇದನ್ನೆಲ್ಲ ಠಾಣೆಯಲ್ಲಿ ನಾನೇ ನಿಮ್ಮೆದುರು ಹೇಳಿದೆ. ನೀವು ಬರೆದುಕೊಳ್ಳಲಿಲ್ಲ. “ನೀವು ಹಿರೇರು, ಪೂಜಿ-ಪುನಸ್ಕಾರದವರು. ಇದ್ರಾಗ ಯಾಕ ಬರ್ತೀರಿ? ಮನಿಗೆ ನಡೀರಿ” ಎಂದಿರಿ. ಬಳಿಕ ಆಕೆಯತ್ತ ತಿರುಗಿ, “ಬೀಗ ಜಡಿದಾಕಿ ನೀನ ಹೌದಿಲ್ಲೋ? ಅಷ್ಟು ಹೇಳು ಸಾಕು” ಎಂದು ಗದರಿದಿರಿ.

ನೀವು ಹಾಕಿರುವ ಮುನ್ನೂರ ಹದಿನೇಳನೆಯ ಕಲಮನ್ನು ವಕೀಲರಿಂದ ಎರಡು ಬಾರಿ ಓದಿಸಿ ಕೇಳಿದೆ. ಮಗುವನ್ನು ಸಂಪೂರ್ಣವಾಗಿ ತ್ಯಜಿಸುವ ಉದ್ದೇಶವಿರಬೇಕೆಂದು ಅದು ಹೇಳುತ್ತದೆ. ಮಧ್ಯಾಹ್ನ ನೋಡಿರೆಂದು ಬೇಡಿ ಹೋದವಳಲ್ಲಿ ಆ ಉದ್ದೇಶವನ್ನು ಎಲ್ಲಿ ಕಂಡಿರಿ? ಅದೇ ಕಲಮು ಹೆತ್ತವರನ್ನಷ್ಟೇ ಅಲ್ಲ, ಮಗುವಿನ ಪಾಲನೆ ವಹಿಸಿಕೊಂಡವರನ್ನೂ ಹೆಸರಿಸುತ್ತದೆ. ಅಂದು ವಹಿಸಿಕೊಂಡವನು ನಾನು. ಜಪಮಾಲೆ ಹಿಡಿದ ಕೈಗೆ ಕೋಳ ಹಿಡಿಸುವುದಿಲ್ಲವೇ? ಇಲ್ಲವೇ ನಿಮ್ಮ ಕಾನೂನು ಕೂಲಿಯವರ ಮನೆಗಳನ್ನು ಮಾತ್ರ ಗುರುತಿಸಬಲ್ಲುದೇ?

ಆದ್ದರಿಂದ ನನ್ನ ಹೇಳಿಕೆಯನ್ನು ಅಕ್ಷರಶಃ ದಾಖಲಿಸಿರಿ. ಎರ್ರೆಮ್ಮನ ಮೇಲಿನ ಮೊಕದ್ದಮೆಯನ್ನು ಹಿಂತೆಗೆಯಲು ವರದಿ ಸಲ್ಲಿಸಿರಿ. ಎಲ್ಲಕ್ಕಿಂತ ಮೊದಲು ಭಾಗ್ಯಳನ್ನು ತಾಯಿಯ ಬಳಿಗೆ ಕಳುಹಿಸಿರಿ. ಆ ಕೈಗಳಿಂದ ಅವಳು ಅನ್ನ ಕಲಸಲಾರಳು. ಅಲ್ಲಿ ತುತ್ತಿಡುವವರು ಯಾರು?

ಇಂತಿ,
ನೀವು ಮನೆಗೆ ಕಳುಹಿಸಿದ ತಪ್ಪಿತಸ್ಥ,
ಗುರುಬಸವಯ್ಯ

ಪಾಲಾಕ್ಷನಿಗೆ ಶಿವಸಾಯುಜ್ಯ ದೊರೆಯಲಿ. ಭಾಗ್ಯಳ ಕೈಗಳು ಮಾಯಲಿ, ಎರ್ರೆಮ್ಮನಿಗೆ ಶಿವನು ಬದುಕುವ ಬಲ ಕೊಡಲಿ. ನಿಮ್ಮ ಮನೆಯ ಮಕ್ಕಳೂ ತಂಪಾಗಿರಲಿ, ಮಾನ್ಯರೇ.