ಡಾಕ್ಟರಿಗೆ ಚಾಚಿದ ಕೈ

ಅಕ್ಟೋಬರ್ ೧೪, ಬೆಳಿಗ್ಗೆ

ಮತ್ತೆ ಎಡಗೈ ಬರಹ. ದಿನಾ ನಾಲ್ಕು ಸಾಲು ಬರೆಯಿರಿ ಎಂದಿದ್ದಾರೆ ಫಿಸಿಯೋ ಮೇಡಂ. ಏನು ಬರೆಯಬೇಕೆಂದು ಹೇಳಿಲ್ಲ. ಇವತ್ತು ‘ಕ’ ನೆಟ್ಟಗೆ ನಿಂತಿದೆ. ‘ಳ’ ಇನ್ನೂ ಮಲಗಿದೆ.

ಪ್ಲೈವುಡ್ ಕಾರ್ಖಾನೆಯ ರೋಲರಿಗೆ ಬಲಗೈ ಸಿಕ್ಕಿದ್ದು ಬೇಸಿಗೆಯಲ್ಲಿ. ಈಗ ಮಳೆಗಾಲವೂ ಮುಗಿಯಿತು. ಬೆರಳು ಐದೂ ಇವೆ. ಹೆಬ್ಬೆರಳು, ಕಿರುಬೆರಳು ಮಾತು ಕೇಳುತ್ತವೆ. ನಡುವಿನ ಮೂರು ಕೇಳುವುದಿಲ್ಲ. ಬೆರಳೇ ಹೋಗಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಈಗ ನೋಡಿದವರೆಲ್ಲ “ಆರಾಮ ಆಗೇತಲ್ಲ” ಅನ್ನುತ್ತಾರೆ.

ಕಾರ್ಮಿಕರ ವಿಮೆಯ ಮೆಡಿಕಲ್ ಬೋರ್ಡ್ ಏನನ್ನುತ್ತದೋ. ಕೈ ಎಷ್ಟು ಶೇಕಡಾ ಹೋಗಿದೆ ಎಂದು ಅವರು ಬರೆಯಬೇಕು. ಅದರ ಮೇಲೆ ಬದುಕಿರುವ ತನಕ ಪಿಂಚಣಿ. ಮಷಿನ್ ಮೇಲೆ ಇನ್ನು ನಾನು ಬೇಡ ಎಂದು ಕಾರ್ಖಾನೆ ಹೇಳಿಯಾಗಿದೆ.

ಅಕ್ಟೋಬರ್ ೧೯

ಹಿತ್ತಲಲ್ಲಿ ಮೆಂತ್ಯ ಹಾಕಿದೆವು. ಹೆಂಡತಿ ಪೂರ್ಣಿಮಾ ಅಗೆದಳು, ಅವ್ವ ಮಡಿ ಮಾಡಿದಳು. ಬೀಜದ ಬುಟ್ಟಿ ಹಿಡಿದು ನಿಲ್ಲುವುದು ನನ್ನ ಕೆಲಸ. ಸುಮ್ಮನೆ ನಿಲ್ಲುವ ಆಸಾಮಿ ಅಲ್ಲ ನಾನು. ಹೆಬ್ಬೆರಳು ಕಿರುಬೆರಳ ನಡುವೆ ಬೀಜ ನಿಲ್ಲುತ್ತದೆಯೇ ನೋಡೋಣ ಅನ್ನಿಸಿತು. ಮೊದಲು ಜಾರಿತು. ಆಮೇಲೆ ನಿಂತಿತು! ಅವರೆ ಬೀಜವೂ ನಿಂತಿತು. ಕಳೆ ತೆಗೆಯುವ ಕುರ್ಪಿ ಹಿಡಿದರೆ ಮಾತ್ರ ಜಾರಿ ಕಾಲ ಮೇಲೆ. ತೂಕ ಇದ್ದರೆ ಆಗುವುದಿಲ್ಲ, ಅಷ್ಟೆ.

ಮೆಂತ್ಯ ಎರಚಬೇಕು. ನಾನು ಒಂದೊಂದೇ ಬೀಜ ಊರುತ್ತ ಕೂತೆ.

“ಹಿಂಗ ಹಾಕಿದ್ರ ಶಿವರಾತ್ರಿ ಬರತೈತಿ ನೋಡಪಾ,” ಅಂದಳು ಅವ್ವ. ಆದರೆ ಬುಟ್ಟಿ ಕಸಿದುಕೊಳ್ಳಲಿಲ್ಲ.

ಅಕ್ಟೋಬರ್ ೨೭

ಮೆಂತ್ಯ ಎದ್ದಿದೆ. ನಾನು ಊರಿದ್ದು ಸಾಲಾಗಿ, ಅವ್ವ ಎರಚಿದ್ದು ಗುಂಪಾಗಿ.

ಪಕ್ಕದ ಮನೆಯ ಸಾತಪ್ಪ ಕಾಕಾ ಬೇಲಿಯಾಚೆ ನಿಂತು ನೋಡುತ್ತಿದ್ದರು. ಮಿಲ್ಲಿನಿಂದ ರಿಟೈರ್ ಆದವರು, ಇಂಥ ಬೋರ್ಡು ಬಹಳ ಕಂಡವರು.

“ಕಿರಣಾ, ಬೋರ್ಡ್ ಆಗೂತನಾ ಮಣ್ಣಾಗ ಕೈ ಇಡಬ್ಯಾಡ. ಉಗುರು ಸೈತ ನೋಡ್ತಾರ ಅವರು.”

ಪೂರ್ಣಿಮಾ ಕೂಡಲೇ ನನ್ನನ್ನು ಎಬ್ಬಿಸಿದಳು. ಅವ್ವನಿಗೆ ಸಿಟ್ಟು ಬಂತು. “ಹಿತ್ತಲದಾಗ ಕೆಲಸಾ ಮಾಡಿದ್ರ ಕಳವು ಮಾಡಿದಂಗೇನ? ಇದ್ದ ಎರಡು ಬೆರಳೂ ಒಣಗಿಸ್ಕೊಂಡು ಕುಂದ್ರಬೇಕೇನ ಅಂವಾ?”

ಅತ್ತೆ ಸೊಸೆ ನಡುವೆ ನಾನು ಬಾಯಿ ಹಾಕಲಿಲ್ಲ. ಕೊನೆಗೆ ಅವ್ವ ಗೆದ್ದಳು. ಬೋರ್ಡಿಗೆ ಹೋಗುವ ದಿನ ಉಗುರು ತಿಕ್ಕಿ ತೊಳೆಯುವುದೆಂದು ಒಪ್ಪಂದವಾಯಿತು.

ಡಿಸೆಂಬರ್ ೧೧, ಸಂಜೆ

ಹುಬ್ಬಳ್ಳಿಯಲ್ಲಿ ಬೋರ್ಡ್ ಆಯಿತು. ಒಂದು ಯಂತ್ರ ಕೊಟ್ಟರು. ಹಿಡಿಕೆ ಹಿಚುಕಬೇಕು, ಮುಳ್ಳು ಏಳಬೇಕು. ನನ್ನ ಮುಳ್ಳು ಅಲುಗಲೇ ಇಲ್ಲ. “ಜೋರು ಹಾಕ್ರಿ” ಅಂದರು. ಹಾಕಿದೆ... ಇಲ್ಲ. ಒಳಗೆ ಸ್ಪ್ರಿಂಗ್ ಇದೆಯೋ ಎಣ್ಣೆ ಇದೆಯೋ? ತಡೆಯಲಾರದೆ ಕೇಳಿಬಿಟ್ಟೆ. ಎಣ್ಣೆಯಂತೆ.

ಕೊನೆಗೆ ದೊಡ್ಡ ಡಾಕ್ಟರು ಎಕ್ಸ್-ರೇ ಕವರ್ ಚಾಚಿದರು. ತೆಗೆದುಕೊಂಡೆ.

“ಭೇಷ್, ಹಿಡಿತ ಐತಲ್ರಿ!”

“ಹಿತ್ತಲದಾಗ ಬೀಜಾ ಊರ್ತೇನ್ರಿ ಸರ್.”

ಭೇಷ್ ಅನ್ನಿಸಿಕೊಂಡು ಉಬ್ಬಿಹೋಗಿದ್ದೆ, ಹೊರಗೆ ಕಾಯುತ್ತಿದ್ದ ಪೂರ್ಣಿಮಾಗೂ ಎಲ್ಲ ಹೇಳಿದ್ದೆ. ವಾಪಸ್ ಬರುವಾಗ ಹಳಿಯಾಳ ಬಸ್ ಸ್ಟ್ಯಾಂಡಿನಲ್ಲಿ ಅವಳು ನೀರಿನ ಬಾಟಲಿ ಕೊಟ್ಟಳು. ಇಸಿದುಕೊಂಡೆ. ಅವಳು ನನ್ನ ಕೈಯನ್ನೇ ನೋಡುತ್ತ ಕೂತಳು.

“ನನ್ನ ಕಡೆಯಿಂದ ಎಡಗೈಲೆ ತಗೊಂಡ್ರಿ. ಡಾಕ್ಟರ್ ಕಡೆಯಿಂದ ಕವರ್ ಯಾವ ಕೈಲೆ ತಗೊಂಡ್ರಿ?”

“ಬಲಗೈಲೆ. ದೊಡ್ಡವರ ಕಡೆಯಿಂದ ಎಡಗೈಲೆ ತಗೊಳ್ಳೂದೇನ?”

ಹಣೆ ಹಣೆ ಬಡಿದುಕೊಂಡಳು. ಆಗ ಹೊಳೆಯಿತು. ಯಂತ್ರ ಹಿಚುಕಲಾರದ ಕೈ ಕವರ್ ಹಿಡಿಯಿತು. ಬೇಕಂತಲೇ ಹಿಚುಕಲಿಲ್ಲ ಅಂದುಕೊಂಡಿರುತ್ತಾರೆ! ಸುಳ್ಳ ಅಂದುಕೊಂಡಿರುತ್ತಾರೆ ನನ್ನನ್ನು. ದಾಂಡೇಲಿ ಬರುವ ತನಕ ಬಲಗೈಯನ್ನು ಎಡಗೈ ಕೆಳಗೆ ಅದುಮಿಟ್ಟುಕೊಂಡೇ ಕೂತೆ.

ಡಿಸೆಂಬರ್ ೧೨

ಅವ್ವನಿಗೆ ಹೇಳಿದೆವು. ಕೈಯಲ್ಲಿದ್ದ ಸೊಪ್ಪು ಸೋಸಿ ಮುಗಿಸಿದಳು. ಆಮೇಲೆ, “ಎಡಗೈಲೆ ತಗೊಂಡೇನಿ ಅಂದಿದ್ರ ನಾನ ಬೈತಿದ್ನಿ,” ಅಂದಳು. ಹೌದು. ಕಲಿಸಿದ್ದೇ ಅವಳು, ಚಿಕ್ಕಂದಿನಲ್ಲಿ, ನಮ್ಮೂರು ಮಳಗಿಯಲ್ಲಿ, ಎಡಗೈ ಚಾಚಿದಾಗೆಲ್ಲ ಅದರ ಮೇಲೇ ಒಂದು ಕೊಟ್ಟು.

ಫೆಬ್ರವರಿ ೩

ಬಂತು. ಶೇಕಡಾ ಹತ್ತು. ಹತ್ತರ ಪಿಂಚಣಿ ಅಕ್ಕಿಗೂ ಸಾಲದು. ನಾನು ಅತ್ತೆ. ಪೂರ್ಣಿಮಾ ಎದುರಿಗೇ ಅತ್ತೆ. ಅವಳು ಅಳಲಿಲ್ಲ, ವಕೀಲರಿಗೆ ಫೋನ್ ಹಚ್ಚಿದಳು. ಅಪೀಲು ಮಾಡಬಹುದಂತೆ.

ಫೆಬ್ರವರಿ ೯

ಅಪೀಲಿಗಾಗಿ ಮನೆಯಲ್ಲಿ ಹೊಸ ಪಾಠ. ಮಾಸ್ತರಿಣಿ ಅವ್ವ. ರೊಟ್ಟಿ, ಚಹಾ, ಟವೆಲ್, ಏನು ಕೊಟ್ಟರೂ ಎಡಗೈಲಿ ಇಸಿದುಕೊಳ್ಳಬೇಕು. ಬಲಗೈ ಹೊರಟರೆ “ಹ್ಞಾಂ!” ಅನ್ನುತ್ತಾಳೆ. ಮನಸ್ಸು ಮೊದಲೋ ಕೈ ಮೊದಲೋ ಎಂದು ಗಮನಿಸಿ ನೋಡಿದೆ. ಕೈಯೇ ಮೊದಲು. ಮನಸ್ಸು ಆಮೇಲೆ ಓಡಿ ಬರುತ್ತದೆ.

ವಿಭೂತಿ ಕೊಡುವಾಗ ಎಡಗೈ ಚಾಚಿದೆ. ಅವ್ವ ಹಿಂದೆ ಸರಿದಳು.

“ಇದಕ್ಕ ಬ್ಯಾಡ. ಇದರಾಗ ದೇವರನ್ನ ತರಬ್ಯಾಡ.”

ಜೂನ್ ೨೪

ಅಪೀಲು. ಈ ಸಲ ಅವ್ವನೂ ಬಂದಿದ್ದಳು, ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬೇರೆ ಡಾಕ್ಟರು, ವಯಸ್ಸಾದವರು. ಕಾಗದ ಚಾಚಿದರು. ಎಡಗೈ ಚಾಚಿದೆ, ಪಾಠದಂತೆ. ಅವರ ಕೈ ನಡುವೆಯೇ ನಿಂತಿತು. ಮುಖ ಗಂಟಾಯಿತು.

“ಯಾ ಊರವರ್ರಿ ನೀವು? ಹಿಂಗ ತಗೋತಾರೇನ?”

ನಾಚಿಕೆಯಿಂದ ಸತ್ತೆ. ಮತ್ತೆ ಎಲ್ಲ ಹೇಳಿಬಿಟ್ಟೆ — ಮೆಂತ್ಯ, ಕವರ್, ಭೇಷ್, ಅವ್ವನ ಪಾಠ. ವಕೀಲರು ತಲೆ ಮೇಲೆ ಕೈ ಹೊತ್ತರು. ಡಾಕ್ಟರು ಪೂರ್ತಿ ಕೇಳಿದರು. ಟೇಬಲ್ ಮೇಲಿನ ನೀರಿನ ತಂಬಿಗೆ ನನ್ನ ಕಡೆ ಎತ್ತಿದರು.

“ಹಂಗಾರ ಇದನ್ನ ತಗೋರಿ. ಬಲಗೈಲೆ.”

ತೆಗೆದುಕೊಂಡೆ. ಚೂರು ಎದ್ದಿತು ಕೂಡ. ಆಮೇಲೆ ಅವರ ಫೈಲು, ನನ್ನ ಪ್ಯಾಂಟು, ಎಲ್ಲ ನೀರು. ಅವರು ಬೈಯಲಿಲ್ಲ. ಎದ್ದು ಬಂದು ಮೂರೂ ಬೆರಳು ಒಂದೊಂದಾಗಿ ಹಿಡಿದು, ಬಗ್ಗಿಸಿ, ಒತ್ತಿ ನೋಡಿದರು. ಇಷ್ಟು ನಿಧಾನಕ್ಕೆ ಯಾರೂ ನೋಡಿರಲಿಲ್ಲ.

ಜುಲೈ ೩೦, ಬೆಳಿಗ್ಗೆ

ಹೀರೇಬಳ್ಳಿಯನ್ನು ಹಂದರಕ್ಕೆ ಹಬ್ಬಿಸುತ್ತಿದ್ದೆವು. ವಕೀಲರ ಫೋನ್. ಹತ್ತು ರದ್ದಾಯಿತು. ನಲವತ್ತು! ಪೂರ್ಣಿಮಾ ಮತ್ತೆ ಮತ್ತೆ ಕೇಳಿದಳು, ಆಮೇಲೆ ಹಂದರದ ಕಂಬ ಹಿಡಿದು ಅತ್ತಳು. ಅಷ್ಟು ದಿನದ್ದೆಲ್ಲ ಸೇರಿಸಿ.

ಈಗ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ಅವ್ವ ಸಕ್ಕರೆ ಹಿಡಿದು ಎದುರು ನಿಂತಿದ್ದಾಳೆ. ಎಡಗೈಲಿ ಪೆನ್ನು. ಬಲಗೈ ಹೊರಟಿತು, ನಿಂತಿತು. ಯಾವ ಕೈಗೆ ಹಾಕಬೇಕೆಂದು ಅವಳಿಗೂ ತಿಳಿಯುತ್ತಿಲ್ಲ. ಒಮ್ಮೆ ಇದನ್ನು ನೋಡುತ್ತಾಳೆ, ಒಮ್ಮೆ ಅದನ್ನು.

“ಎರಡೂ ಬ್ಯಾಡ. ಬಾಯಿ ತಗಿ.”

ಮೀಸೆ ಬಂದ ಗಂಡಸು ನಾನು. ಪೂರ್ಣಿಮಾ ನಗುತ್ತಿದ್ದಾಳೆ. ಬೇಲಿಯಾಚೆ ಸಾತಪ್ಪ ಕಾಕಾ ಬೇರೆ ನೋಡುತ್ತ... ಇರಲಿ, ಬಾಯಿ ತೆರೆ—