ಎರಡೂ ಎಡತೋಳು

ಮಾರ್ಚ್ ೧೨, ಮಂಗಳವಾರ

ಮದುವೆ ಗಂಡಿನ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿಬಿಟ್ಟೆ. ಮೂವತ್ತು ವರ್ಷ ಕತ್ತರಿ ಹಿಡಿದವನು, ಎರಡನೇ ತೋಳಿಗೆ ಬಟ್ಟೆ ಮಗುಚಿ ಹಾಕೋದನ್ನೇ ಮರೆತೆ! ಬಟ್ಟೆ ಚೂರೂ ಮಿಕ್ಕಿಲ್ಲ, ನಾಡಿದ್ದೇ ಮದುವೆ.

ಹೊಲಿಯಲು ಕೂತ ಹೆಂಡತಿಯೇ ನೋಡಿದ್ದು. ಬೈಯಲಿಲ್ಲ. "ಬಿಪಿ ಮಾತ್ರೆ ತಗೊಂಡ್ರಾ?" ಅಂದಳು, ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. "ತೋಳಿಗೂ ಬಿಪಿಗೂ ಏನೇ ಸಂಬಂಧ?" ಅಂತ ರೇಗಿದೆ.

ಸಂಬಂಧ ಇದೆ. ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಮಿದುಳಿನ ಸಣ್ಣ ರಕ್ತನಾಳಗಳು ಕೆಡುತ್ತವೆ, ನೆನಪು, ಯೋಚನೆ ಮಂಕಾಗಬಹುದು ಅಂತ ಹೋದ ತಿಂಗಳೇ ಡಾಕ್ಟರು ಹೇಳಿದ್ದರು. ಮನೆಯಲ್ಲಿ ನಾನು ಬಾಯಿಬಿಡಲಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಮಾತ್ರೆ ಯಾಕೆ ಅಂತ ನುಂಗದೇ ಬಿಟ್ಟಿದ್ದೆ.

ಅಳತೆ ಬರೆದುಕೊಳ್ಳುವವನೂ ನಾನಲ್ಲ. ಟೇಪು ಹಿಡಿದು ಒಂದು ಸಲ ಬಾಯಲ್ಲಿ ಅಂದರೆ ಸಾಕು, ತಲೆಯಲ್ಲೇ ಇರುತ್ತದೆ ಅಂತ ಗಿರಾಕಿಗಳ ಮುಂದೆ ಬಡಾಯಿ ಕೊಚ್ಚುತ್ತಿದ್ದೆ.

ಈಗ ಮಾತ್ರೆ ನುಂಗಿದೆ. ನಾಳೆಯಿಂದ ಬರೆದಿಡೋಣ ಅಂತ ಪುಸ್ತಕ ಹುಡುಕುತ್ತ ಅವಳ ಮೆಷಿನ್ನಿನ ಡ್ರಾಯರ್ ಎಳೆದೆ. ಒಂದು ನೋಟ್‌ಬುಕ್ ಇತ್ತು. ನನ್ನ ಗಿರಾಕಿಗಳ ಅಳತೆಯೆಲ್ಲ ಅವಳ ಅಕ್ಷರದಲ್ಲಿ. ಕತ್ತರಿಸುವ ಮುಂಚೆ "ಎದೆ ನಲವತ್ತಲ್ವಾ?" ಅಂತ ಅವಳು ಆಗಾಗ ಕೇಳುತ್ತಿದ್ದದ್ದು...

ಮೊದಲ ಪುಟದ ತಾರೀಖು ಎರಡು ವರ್ಷ ಹಿಂದಿನದು.